ಓದದೆ ಬಿಟ್ಟ ಸಾಲು

ತೆಗುಸಿಗಾಲ್ಪ
11 ಫೆಬ್ರವರಿ 1994

ಪ್ರೀತಿಯ ಅಮ್ಮನಿಗೆ,

ನಾನಿಲ್ಲಿ ಚೆನ್ನಾಗಿದ್ದೇನೆ. ಕಾಫಿ ಕೊಯ್ಲು ಮುಗಿಯಿತೇ? ಈ ಸಲವೂ ನಿನ್ನ ಬೆರಳಿನ ಸಂದಿ ಒಡೆದಿದ್ದರೆ ಫಿದೆಲಿನಕ್ಕನಿಗೆ ಹೇಳಿ ಹಂದಿಕೊಬ್ಬು ಹಚ್ಚಿಸಿಕೊ. ಈ ಕನ್ಯಾಮಠದಲ್ಲಿ ನಮ್ಮ ಕೈಗೆ ಮಣ್ಣೇ ಹತ್ತುವುದಿಲ್ಲ, ಬರೀ ಸೋಪು.

ಒಂದು ಸಂತೋಷದ ಸುದ್ದಿ. ಕನ್ಯಾಸ್ತ್ರೀಯರಾಗಿ ವ್ರತ ತೆಗೆದುಕೊಳ್ಳುವ ಮೊದಲು ನಾವು ಆರು ಜನವೂ ಒಂದೊಂದು ಬರಹ ಬರೆಯಬೇಕಿತ್ತು: ದೇವರ ಕರೆ ನಿನಗೆ ಮೊದಲು ಕೇಳಿಸಿದ್ದು ಎಲ್ಲಿ? ಉಳಿದವರು ಯಾವುದೋ ಧ್ಯಾನಕೂಟ, ಯಾವುದೋ ಸಂತರ ಚರಿತ್ರೆ ಎಂದು ಬರೆದರು. ನಾನು ನಿನ್ನ ಬಗ್ಗೆ ಬರೆದೆ. ವರ್ಷಕ್ಕೆ ನಾಲ್ಕೇ ಸಲ ಫಾದರ್ ಬರುವ ನಮ್ಮ ಲೋಮಾ ಆಲ್ತದಲ್ಲಿ ಇಪ್ಪತ್ತೆರಡು ವರ್ಷ ಪ್ರತಿ ಭಾನುವಾರ ವಾಕ್ಯಸೇವೆ ನಡೆಸಿದವಳು, ಮಕ್ಕಳಿಗೆ ಜಪ ಕಲಿಸಿದವಳು, ಸತ್ತವರ ಮನೆಯಲ್ಲಿ ಒಂಬತ್ತು ದಿನದ ಪ್ರಾರ್ಥನೆ ಹೇಳಿದವಳು, ಆದರೆ ಒಂದಕ್ಷರವೂ ಓದಲು ಬಾರದವಳು ಎಂದು ಬರೆದೆ. ಶನಿವಾರ ಸಂಜೆ ಒಲೆಯ ಮುಂದೆ ನಾನು ಬೈಬಲಿನ ಶುಭಸಂದೇಶವನ್ನು ಮೂರು ಸಲ ಓದುತ್ತಿದ್ದದ್ದು, ನೀನು ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡು ನಾಲ್ಕನೆಯ ಸಲ ನನಗೇ ಒಪ್ಪಿಸುತ್ತಿದ್ದದ್ದು, ಮಾರನೆಯ ದಿನ ಪುಸ್ತಕ ಬಿಡಿಸಿ ಹಿಡಿದು ಓದಿದ ಹಾಗೆ ಹೇಳುತ್ತಿದ್ದದ್ದು, ಎಲ್ಲ ಬರೆದೆ. ಯಾವ ಪುಟ ಬಿಡಿಸಬೇಕೆಂದು ನಾನು ಕೋಳಿಗರಿ ಇಟ್ಟುಕೊಡುತ್ತಿದ್ದೆನಲ್ಲ, ಅದನ್ನೂ ಬಿಡಲಿಲ್ಲ.

ಓದಿ ನಮ್ಮ ಮದರ್ ಕಣ್ಣೀರು ಹಾಕಿದರು. ಅವರೇ ಅದನ್ನು ನಮ್ಮ ಬಿಷಪ್ಪರ ಧರ್ಮಪ್ರಾಂತ್ಯದ ಪತ್ರಿಕೆಗೆ ಕಳಿಸಿದರು. ಈ ತಿಂಗಳು ನಿನ್ನ ಹೆಸರು, ಊರಿನ ಹೆಸರು ಸಮೇತ ಅಚ್ಚಾಗಿದೆ. ಒಂದು ಪ್ರತಿ ಜೊತೆಗಿಟ್ಟಿದ್ದೇನೆ. ಫಿದೆಲಿನಕ್ಕನ ಕೈಲಿ ಓದಿಸಿಕೊ, ಕೊನೆಯವರೆಗೂ ಓದಿಸಿಕೊ. ಕೊನೆಯ ನಾಲ್ಕು ಸಾಲನ್ನು ಎರಡು ಸಲ ಬರೆದು ಹೊಡೆದುಹಾಕಿದ್ದೆ. ಆದರೆ ನಿಜವನ್ನೇ ಬರೆಯಬೇಕೆಂದು ಮದರ್ ಹೇಳಿದ್ದರು. ನಿನಗೆ ಏನನ್ನಿಸಿತು ಅಂತ ಬರೆಸು.

ನಿನ್ನ ಮಗಳು
ಓತಿಲಿಯ

*

ಲೋಮಾ ಆಲ್ತ
24 ಮಾರ್ಚ್ 1994

ಮಗಳು ಓತಿಲಿಯಳಿಗೆ ತಾಯಿಯ ಆಶೀರ್ವಾದ.

(ಓತಿ, ಎಂದಿನಂತೆ ಬರೆಯುತ್ತಿರುವುದು ನಾನು, ಫಿದೆಲಿನ. ನಿಮ್ಮಮ್ಮ ಹೇಳಿದ್ದನ್ನು ಪುಸ್ತಕದ ಭಾಷೆಗೆ ತಿದ್ದಿ ಬರೆಯುತ್ತೇನೆ, ಇಲ್ಲದಿದ್ದರೆ ಮಠದವರು ನಕ್ಕಾರು. ಬೈಗುಳ ಇದ್ದ ಕಡೆ ಬಿಟ್ಟಿದ್ದೇನೆ.)

ಪತ್ರಿಕೆ ತಲುಪಿತು. ಫಿದೆಲಿನ ಹೊಲಿಗೆ ಯಂತ್ರ ನಿಲ್ಲಿಸಿ ಓದಿದಳು. ನನ್ನ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದಳು. ನಾನು ಅದನ್ನು ಮುಟ್ಟಿ ನೋಡಿದೆ. ಹೆಮ್ಮೆಯಾಯಿತು ಮಗಳೇ, ಸುಳ್ಳು ಹೇಳುವುದಿಲ್ಲ. ಎರಡು ವಾರ ಆ ಹೆಮ್ಮೆಯಲ್ಲೇ ಇದ್ದೆ.

ಹೋದ ಭಾನುವಾರ ಫಾದರ್ ಅನ್ಸೆಲ್ಮೊ ಹೇಳದೆ ಕೇಳದೆ ಬಂದುಬಿಟ್ಟರು. ನಾನಾಗಲೇ ಪೀಠದ ಮುಂದೆ ನಿಂತಿದ್ದೆ. ಚರ್ಚಿನ ನೆಲಕ್ಕೆ ಹಸಿ ಪೈನ್ ಎಲೆ ಹಾಸಿತ್ತು, ಜನ ತುಂಬಿದ್ದರು. ಫಾದರ್ ಜೇಬಿನಲ್ಲಿ ಆ ಪತ್ರಿಕೆ ಮಡಚಿಟ್ಟದ್ದು ಕಾಣುತ್ತಿತ್ತು. ಅವತ್ತಿನ ವಾಚನ ಮಣ್ಣಿಗೆ ಬಿದ್ದು ಸಾಯುವ ಕಾಳಿನದು. ಪುಸ್ತಕದಲ್ಲಿ ಗೋಧಿ ಎಂದಿದೆಯಂತೆ. ನಾನು ಯಾವಾಗಲೂ ಮೆಕ್ಕೆಜೋಳ ಎಂದೇ ಹೇಳುತ್ತೇನೆ, ನಮ್ಮ ಬೆಟ್ಟದಲ್ಲಿ ಗೋಧಿ ಪೈರು ಕಂಡವರು ಯಾರು? ಹೇಳಿ ಮುಗಿಸಿದೆ. ಫಾದರ್ ಎದ್ದು ಬಂದು ಪುಸ್ತಕ ತೆಗೆದುಕೊಂಡರು, ಬೇರೆಲ್ಲೋ ತೆರೆದು ನನ್ನ ಮುಂದಿಟ್ಟರು.

“ಎರ್ಮೆಲಿಂದಮ್ಮ, ಇದೊಂದು ನಾಲ್ಕು ಸಾಲು ಓದಿ, ಕೇಳೋಣ.”

ಸಬಾಸ್ ತಾತ ಹಿಂದಿನಿಂದ ಕೂಗಿದ: “ಫಾದರೇ, ಅವಳು ಕನ್ನಡಕ ಮನೇಲಿ ಮರ್ತು ಬಂದವಳೆ!” ನನಗೆ ಎಲ್ಲಿಯ ಕನ್ನಡಕ?

“ನನ್ನದೇ ತಗೊಳ್ಳಿ,” ಎಂದು ಫಾದರ್ ತಮ್ಮ ಕನ್ನಡಕ ತೆಗೆದು ಕೊಟ್ಟರು. ಆಗ ಫಿದೆಲಿನ ಎದ್ದು ನಿಂತು ಜೋರಾಗಿ ಹಾಡು ಶುರುಮಾಡಿದಳು. ಇಡೀ ಚರ್ಚು ದನಿಗೂಡಿಸಿತು. ಆರು ಚರಣದ ಹಾಡನ್ನು ಎರಡು ಸಲ ಹಾಡಿದರು, ಮೂರನೆಯ ಸಲಕ್ಕೂ ಎತ್ತಿಕೊಂಡರು. ಫಾದರ್ ಕೈಕಟ್ಟಿ ಕಾದರು. ಕೊನೆಗೆ ನಾನೇ ಕೈ ಎತ್ತಿ ನಿಲ್ಲಿಸಿದೆ.

“ನಂಗೆ ಓದಕ್ಕೆ ಬರಲ್ಲ ಫಾದರ್,” ಅಂದೆ.

“ಗೊತ್ತಾಯ್ತು. ಬಿಷಪ್ಪರಿಗೂ ಗೊತ್ತಾಗಿದೆ. ಓದು ಬರದವಳನ್ನ ಪೀಠಕ್ಕೆ ಹತ್ತಿಸಿದೀಯಲ್ಲ, ಇಷ್ಟು ವರ್ಷ ಕಣ್ಮುಚ್ಕೊಂಡಿದ್ದೆಯಾ ಅಂತ ನನ್ನನ್ನ ಕೇಳ್ತಾರೆ. ನಾನೇನು ಹೇಳ್ಲಿ?”

ಊರಿಗೆಲ್ಲ ಗೊತ್ತಿತ್ತು ಓತಿ. ನೀನೂ ನಾನೂ ಗುಟ್ಟು ಎಂದುಕೊಂಡು ಕೋಳಿಗರಿ ಇಟ್ಟುಕೊಂಡದ್ದೇ ಬಂತು. ಅವರೆಲ್ಲ ಗೊತ್ತಿಲ್ಲದ ಹಾಗೆ ಇದ್ದರು. ನಮ್ಮ ಕಡೆ ಒಬ್ಬರ ಕೊರತೆಯನ್ನು ಬಾಯಿಬಿಟ್ಟು ಆಡುವುದಿಲ್ಲ, ಆಡಿದರೆ ಆಮೇಲೆ ಅದಕ್ಕೆ ಏನಾದರೂ ಮಾಡಲೇಬೇಕಾಗುತ್ತದೆ. ನೀನು ಅಚ್ಚು ಹಾಕಿಸಿದೆ.

ಇನ್ನು ಮೇಲೆ ವಾಕ್ಯಸೇವೆ ನಮ್ಮ ಶಾಲೆಯ ವಿಕ್ಟೋರಿನೊ ಮೇಷ್ಟ್ರದು. ನನಗೆ ಫಾದರ್ ಒಂದು ಅಚ್ಚಿನ ಕಾಗದ ಕೊಟ್ಟರು. “ಧರ್ಮಸಭೆ ಅಂದ್ರೆ ಒಂದು ಮೈ ಇದ್ದ ಹಾಗೆ. ಕಣ್ಣಿನ ಕೆಲಸ ಬೇರೆ, ಕಾಲಿನ ಕೆಲಸ ಬೇರೆ. ಇದನ್ನ ತುಂಬಿ, ನಿಮ್ಮ ಸೇವೆಯ ಜಾಗ ಯಾವುದು ಅಂತ ನಿಮಗೇ ತಿಳಿಯುತ್ತೆ,” ಎಂದರು. ನಲವತ್ತು ಪ್ರಶ್ನೆ, ಒಂದೊಂದರ ಮುಂದೆ ಒಂದೊಂದು ಚೌಕ. ಓದು ಬಾರದವಳ ಕೈಗೆ ಅದನ್ನು ಕೊಟ್ಟು ಹೋದರು. ಫಿದೆಲಿನ ಓದಿ ಹೇಳಿ ಗುರುತು ಹಾಕಿದಳು. ಎಲ್ಲ ಕೂಡಿಸಿದರೆ ನನ್ನ ಜಾಗ ನೆಲ ಗುಡಿಸುವುದು, ಹೂವಿನ ನೀರು ಬದಲಿಸುವುದು ಎಂದು ಬಂತು. ಅದನ್ನು ನಾನು ಇಷ್ಟು ವರ್ಷವೂ ಮಾಡುತ್ತಲೇ ಇದ್ದೆ.

ನಿನ್ನ ಅಮ್ಮ

*

ತೆಗುಸಿಗಾಲ್ಪ
19 ಏಪ್ರಿಲ್ 1994

ಅಮ್ಮ,

ನಿನ್ನ ಕಾಗದ ಬಂದಂದಿನಿಂದ ಊಟ ಸೇರುತ್ತಿಲ್ಲ. ನಿನ್ನನ್ನು ಎಲ್ಲರೂ ತಿಳಿಯಲಿ ಎಂದು ಬರೆದೆನೇ ಹೊರತು ಹೀಗಾಗುತ್ತದೆ ಎಂದು ದೇವರಾಣೆಗೂ ಎಣಿಸಿರಲಿಲ್ಲ. ಬಿಷಪ್ಪರ ಕಚೇರಿಗೆ ಬರೆದೆ. ನಿಯಮ ಎಲ್ಲರಿಗೂ ಒಂದೇ, ಒಬ್ಬರಿಗಾಗಿ ಸಡಿಲಿಸಲು ಬಾರದು ಎಂದು ಎರಡು ಸಾಲಿನ ಉತ್ತರ ಬಂತು.

ಮದರ್ ಹತ್ತಿರ ಹೇಳಿಕೊಂಡು ಅತ್ತೆ. ಬಹುಶಃ ದೇವರು ನಿನ್ನನ್ನು ಈಗ ಮರೆಯ ಸೇವೆಗೆ ಕರೆಯುತ್ತಿದ್ದಾನೆ ಎಂದು ಅವರು ಹೇಳುತ್ತಾರೆ. ಯೋಚಿಸಿದರೆ ನನಗೂ ಸರಿಯೆನ್ನಿಸುತ್ತದೆ ಅಮ್ಮ. ನಾನೂ ಇಲ್ಲಿ ದಿನಾ ಮೂರು ಅಂತಸ್ತಿನ ಮೆಟ್ಟಿಲು ಒರೆಸುತ್ತೇನೆ. ಪೊರಕೆ ಹಿಡಿದ ಕೈಗೂ ಪುಸ್ತಕ ಹಿಡಿದ ಕೈಗೂ ದೇವರ ಮುಂದೆ ವ್ಯತ್ಯಾಸವಿಲ್ಲ. ಬೇಸರ ಮಾಡಿಕೊಳ್ಳಬೇಡ.

ಇನ್ನೊಂದು ಮಾತು. ಬರಹದ ಕೊನೆಯಲ್ಲಿ ನಾನು ಬರೆದದ್ದರ ಬಗ್ಗೆ ನೀನು ಏನೂ ಹೇಳಲಿಲ್ಲ. ಬೈಯುತ್ತೀಯೆಂದು ಕಾದೆ. ನಿನ್ನ ಮೌನವೇ ಕ್ಷಮೆ ಎಂದು ತಿಳಿದುಕೊಂಡಿದ್ದೇನೆ. ಅಷ್ಟು ದೊಡ್ಡ ಮನಸ್ಸು ನನಗೂ ಬರಲಿ ಎಂದು ಪ್ರಾರ್ಥಿಸುತ್ತೇನೆ.

ನಿನ್ನ ಓತಿ

*

ಲೋಮಾ ಆಲ್ತ
2 ಜೂನ್ 1994

ಮಗಳು ಓತಿಲಿಯಳಿಗೆ,

ನಿನ್ನ ಕಾಗದ ಬಂದಾಗ ಫಿದೆಲಿನ ಮಗಳ ಬಾಣಂತನಕ್ಕೆಂದು ಊರಲ್ಲಿರಲಿಲ್ಲ. ಪೇಟೆಯಿಂದ ಕಾಗದ ತಂದವರು ವಿಕ್ಟೋರಿನೊ ಮೇಷ್ಟ್ರು, ಅಲ್ಲೇ ಅಂಗಳದಲ್ಲಿ ನಿಂತು ಓದಿ ಹೇಳಿದರು.

ಪೊರಕೆ ಹಿಡಿದ ಕೈಗೂ ಪುಸ್ತಕ ಹಿಡಿದ ಕೈಗೂ ವ್ಯತ್ಯಾಸವಿಲ್ಲ ಎನ್ನುವ ಮಾತನ್ನು ಯಾವಾಗಲೂ ಪುಸ್ತಕ ಹಿಡಿದವರೇ ಹೇಳುತ್ತಾರೆ. ನಿನಗೂ ಇಷ್ಟು ಬೇಗ ಆ ಮಾತು ರೂಢಿಯಾಯಿತಲ್ಲ. ನಾನು ಗುಡಿಸುತ್ತಿದ್ದೇನೆ. ಬೇಸರವಿಲ್ಲ ಎಂದು ಬರೆಸಿದರೆ ಫಿದೆಲಿನ ನಗುತ್ತಾಳೆ.

ಮೇಷ್ಟ್ರು ಒಳ್ಳೆಯವರು. ಆದರೆ ಶುಭಸಂದೇಶವನ್ನು ಹಾಜರಿ ಕರೆದ ಹಾಗೆ ಓದುತ್ತಾರೆ. ಹೋದ ತಿಂಗಳು ಶಿಷ್ಯರ ಹೆಸರು ಒಂದೊಂದಾಗಿ ಓದುವಾಗ ಸಬಾಸ್ ತಾತ ಹಿಂದಿನ ಬೆಂಚಿನಿಂದ “ಹಾಜರಿದೀನಿ ಸಾರ್” ಅಂದುಬಿಟ್ಟ. ಜನ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು.

ಅದಾಗಿ ಎಂಟು ದಿನಕ್ಕೆ ಸಬಾಸ್ ತಾತ ತೀರಿಕೊಂಡ. ಒಂಬತ್ತು ದಿನದ ಪ್ರಾರ್ಥನೆ ಲಿಂದಾನೇ, ಅಂದರೆ ನಾನೇ, ಹೇಳಬೇಕು ಎಂದು ಮಕ್ಕಳ ಕೈಲಿ ಮಾತು ತೆಗೆದುಕೊಂಡಿದ್ದನಂತೆ. ಮೊದಲ ದಿನ ಹೋಗಿ ಹೇಳಿದೆ. ಎರಡನೆಯ ದಿನ ಮೇಷ್ಟ್ರು ಬಂದು ಹೊಸಿಲಾಚೆ ಟೋಪಿ ಹಿಡಿದು ನಿಂತರು. “ನಾನೇನ್ ಮಾಡ್ಲಿ ಎರ್ಮೆಲಿಂದಮ್ಮ, ಫಾದರಿಂದ ಚೀಟಿ ಬಂದಿದೆ,” ಎಂದರು. ಅವರ ಕಣ್ಣಲ್ಲಿ ನೀರಿತ್ತು, ಅದನ್ನು ಹೇಳಲೇಬೇಕು. ನಾನು ಎದ್ದು ಜಾಗ ಬಿಟ್ಟೆ. ಉಳಿದ ಎಂಟು ದಿನವೂ ಒಳಗೆ ಹೆಂಗಸರ ಜೊತೆ ಎಲೆಯಲ್ಲಿ ತಮಾಲೆ ಕಡುಬು ಕಟ್ಟಿದೆ, ಬಂದವರಿಗೆ ಕಾಫಿ ಕೊಟ್ಟೆ. ಸತ್ತವನ ಹೆಸರು ಹೇಳಬೇಕಾದ ಜಾಗದಲ್ಲಿ ಮೇಷ್ಟ್ರು ಐದು ದಿನ ಹೆಸರು ಬಿಟ್ಟೇ ಓದಿದರು, ಪುಸ್ತಕದಲ್ಲಿ ಅಲ್ಲಿ ಬರೀ ಗೆರೆಯಿದೆಯಂತೆ. ನಾನು ಕೆಟಲು ಹಿಡಿದು ಅವನ ಹೆಸರನ್ನು ನನ್ನಷ್ಟಕ್ಕೇ ಹೇಳಿಕೊಂಡೆ.

ಈಗ ನಾನು ಕೇಳುವುದಕ್ಕೆ ಉತ್ತರ ಕೊಡು. ನಾನು ಕ್ಷಮಿಸುವಂಥದ್ದು ಕೊನೆಯಲ್ಲಿ ಏನು ಬರೆದಿದ್ದೀ? ಮೊನ್ನೆ ಫಿದೆಲಿನ ಕೈಲಿ ಇನ್ನೊಂದು ಸಲ ಓದಿಸಿದೆ. ದೇವರಿಗೆ ಸ್ತೋತ್ರ ಎಂದು ಮುಗಿಯುತ್ತದೆ, ಮತ್ತೇನೂ ಇಲ್ಲ ಎನ್ನುತ್ತಾಳೆ. ನಾನು ಅವಳ ಮುಖ ನೋಡಿದೆ. ಅವಳ ಮಗನಿಗೆ ಜ್ಞಾನಸ್ನಾನದ ದಿನ ತಾಯಿಯಾಗಿ ನಿಂತವಳು ನಾನು, ಅವಳು ನನ್ನ ಹತ್ತಿರ ಸುಳ್ಳು ಹೇಳಬಾರದು. ಇದನ್ನು ಬರೆಯುವಾಗ ಪೆನ್ನು ನಿಲ್ಲಿಸಿದಳು. ಬರಿ ಎಂದೆ. ಬರೆಯುತ್ತಿದ್ದಾಳೆ.

ಮೇಷ್ಟ್ರನ್ನು ಕೇಳಬಹುದು. ಕೇಳುವುದಿಲ್ಲ, ಅವರಿಗೆ ನನ್ನ ಜಾಗ ಕೊಟ್ಟದ್ದೇ ಸಾಕು.

ನಿನ್ನ ಅಮ್ಮ

ಓತಿ, ಇದು ನನ್ನ ಮಾತು. ನಿಮ್ಮಮ್ಮ ಎದುರಿಗೇ ಕೂತಿದ್ದಾಳೆ, ವಿಳಾಸ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾಳೆ. ಕೊನೆಯ ನಾಲ್ಕು ಸಾಲು ನಾನು ಓದಲಿಲ್ಲ. ಫೆಬ್ರವರಿಯ ಕಾಗದದಲ್ಲಿ ನೀನು ಅದರ ಸುದ್ದಿ ಎತ್ತಿದ್ದೆಯಲ್ಲ, ಅದನ್ನೂ ಬಿಟ್ಟು ಓದಿದೆ. ಓದುವುದಕ್ಕೆ ನಾಲಿಗೆ ಏಳಲಿಲ್ಲ ಕಣೆ. ಹೆತ್ತವಳ ಬಗ್ಗೆ ಅದನ್ನು ಹೇಗೆ ಬರೆದೆ? ಇನ್ನು ಅದರ ಮಾತು ಎತ್ತಬೇಡ. — ಫಿದೆಲಿನ

*

ತೆಗುಸಿಗಾಲ್ಪ
30 ಜೂನ್ 1994

ಅಮ್ಮ,

ಸಬಾಸ್ ತಾತನ ಸುದ್ದಿ ಕೇಳಿ ದುಃಖವಾಯಿತು. ಅವನಿಗಾಗಿ ಇಲ್ಲಿ ಒಂದು ಪೂಜೆ ಮಾಡಿಸಿದೆ, ಹೆಸರು ಹೇಳಿಸಿದೆ.

ಕೊನೆಯ ಸಾಲುಗಳ ವಿಚಾರದಲ್ಲಿ ನನಗೇ ಗೊಂದಲವಾಗಿತ್ತು. ಮೊದಲು ಬರೆದದ್ದರಲ್ಲಿ ಏನೋ ಇತ್ತು, ಅಚ್ಚಿಗೆ ಹೋಗುವಾಗ ತೆಗೆದಿದ್ದೆ, ಮರೆತುಬಿಟ್ಟಿದ್ದೆ. ಫಿದೆಲಿನಕ್ಕ ಹೇಳಿದ್ದೇ ಸರಿ, ಮತ್ತೇನೂ ಇಲ್ಲ.

ಡಿಸೆಂಬರ್ ಎಂಟಕ್ಕೆ ನನ್ನ ವ್ರತ. ನೀನು ಮೊದಲ ಸಾಲಿನಲ್ಲಿ ಕೂರಬೇಕು.

ನಿನ್ನ ಓತಿ

(ಇದೇ ಲಕೋಟೆಯಲ್ಲಿ ಇನ್ನೊಂದು ಚೀಟಿ)

ಫಿದೆಲಿನಕ್ಕ, ನೀವು ಓದದೇ ಬಿಟ್ಟದ್ದು ಒಳ್ಳೆಯದೇ ಆಯಿತು. ಹಾಗೇ ಇರಲಿ. ನಾನು ಎದುರಿಗೆ ಸಿಕ್ಕಾಗ ಹೇಳಿಕೊಳ್ಳುತ್ತೇನೆ. ಈ ಚೀಟಿ ಒಲೆಗೆ ಹಾಕಿ. — ಓ.

*

ಲೋಮಾ ಆಲ್ತ
7 ಅಕ್ಟೋಬರ್ 1994

ಓತಿಲಿಯಳಿಗೆ ಫಿದೆಲಿನ ಬರೆಯುವುದು.

ಈ ಕಾಗದ ನಿಮ್ಮಮ್ಮ ಬರೆಸಿದ್ದಲ್ಲ. ಜುಲೈಯಿಂದ ಅವಳು ನನ್ನ ಮನೆಗೆ ಬರುವುದನ್ನೇ ಕಡಿಮೆ ಮಾಡಿದ್ದಾಳೆ. ನಿನ್ನ ಕಾಗದ ಓದಿ ಹೇಳಿದಾಗ “ಹೂಂ, ಏನೂ ಇಲ್ವಂತೆ” ಎಂದು ಎದ್ದು ಹೋದಳು. ಮಾರನೆಯ ದಿನದಿಂದ ಮಧ್ಯಾಹ್ನ ಶಾಲೆಗೆ ಹೋಗುತ್ತಾಳೆ. ಮಕ್ಕಳು ಮನೆಗೆ ಹೋದ ಮೇಲೆ ಮೇಷ್ಟ್ರು ಅವಳೊಬ್ಬಳನ್ನೇ ಒಂದನೇ ಕ್ಲಾಸಿನ ಬೆಂಚಿನ ಮೇಲೆ ಕೂರಿಸಿ ಅಕ್ಷರ ಹೇಳಿಕೊಡುತ್ತಾರೆ. ಬೆಂಚು ಚಿಕ್ಕದು, ಮೊಣಕಾಲು ಎದೆಗೆ ಬರುತ್ತದೆ.

ಮೇಷ್ಟ್ರಂತೂ ಹಿಗ್ಗಿ ಹೀರೇಕಾಯಿಯಾಗಿದ್ದಾರೆ. “ಎರ್ಮೆಲಿಂದಮ್ಮ ಮೂರು ತಿಂಗಳಿಗೆ ಅಕ್ಷರ ಕೂಡಿಸೋದು ಮುಗಿಸಿದ್ರು ಕಣ್ರೀ! ಇಷ್ಟು ಹಟ ನಾನು ಎಲ್ಲೂ ಕಂಡಿಲ್ಲ,” ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಾರೆ. ಫಾದರ್ ಅನ್ಸೆಲ್ಮೊಗೂ ಬರೆದರಂತೆ. ಫಾದರ್ ಸಂತೋಷಪಟ್ಟು, ಇದೇ ಇಪ್ಪತ್ಮೂರರ ಭಾನುವಾರ ಅವಳ ಜಾಗ ಅವಳಿಗೇ ವಾಪಸ್ಸು ಕೊಡುತ್ತಾರೆ. ಊರು ಹಂದಿ ಕಡಿಯುವ ಯೋಚನೆಯಲ್ಲಿದೆ. ಶುಭಸಂದೇಶ ಓದಲೆಂದೇ ಕಲಿತಳು ಎಂದು ಎಲ್ಲರೂ ತಿಳಿದಿದ್ದಾರೆ.

ನನಗೊಬ್ಬಳಿಗೇ ಭಯ. ಪತ್ರಿಕೆ ನನ್ನ ಪೆಟ್ಟಿಗೆಯಲ್ಲಿತ್ತು. ಹೋದ ಶನಿವಾರ ಬಂದಳು. “ಕೊಡೇ ಅದನ್ನ, ನನ್ನ ಹೆಸರಿರೋದು, ನನ್ನ ಹತ್ರಾನೇ ಇರ್ಲಿ,” ಎಂದಳು. “ಇಲಿ ತಿಂದಿರಬೇಕು ಲಿಂದಾ” ಅಂದೆ. “ತಿಂದು ಉಳಿಸಿದ್ದು ಕೊಡು” ಅಂದಳು. ಕೊಟ್ಟೆ.

ಅವಳಿಗೆ ಇನ್ನೂ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಬೇಕು. ಬರಹ ಉದ್ದವಿದೆ. ಕೊನೆ ಮುಟ್ಟುವುದಕ್ಕೆ ದಿನ ಹಿಡಿಯುತ್ತದೆ. ಅಷ್ಟರೊಳಗೆ ನೀನೇ ಬಾ. ನಿನ್ನ ಬಾಯಿಂದ ಕೇಳಿದರೆ ಅವಳು ತಡೆದುಕೊಂಡಾಳು. ಅಚ್ಚಿನಲ್ಲಿ ಓದಬಾರದು. ಮದರ್ ಕಾಲಿಗೆ ಬಿದ್ದಾದರೂ ಎರಡು ದಿನ ಬಾ.

ಫಿದೆಲಿನ

*

ತೆಗುಸಿಗಾಲ್ಪ
18 ಅಕ್ಟೋಬರ್ 1994

ಫಿದೆಲಿನಕ್ಕ,

ವ್ರತಕ್ಕೆ ಮುಂಚಿನ ಮೂರು ತಿಂಗಳು ಮಠ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ. ಕೇಳಿದರೆ ಮದರ್ ಕಳಿಸುತ್ತಿದ್ದರೋ ಏನೋ. ಆದರೆ ಹೋದವರ ವ್ರತ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಕೇಳಲು ಧೈರ್ಯವಾಗಲಿಲ್ಲ. ಡಿಸೆಂಬರ್ ಎಂಟಕ್ಕೆ ಅಮ್ಮ ಬರುತ್ತಾಳಲ್ಲ, ಆಗ ಎಲ್ಲ ಹೇಳುತ್ತೇನೆ. ಅಷ್ಟು ದಿನ ಹೇಗಾದರೂ ತಡೆಯಿರಿ.

ಓತಿಲಿಯ

*

ಲೋಮಾ ಆಲ್ತ
15 ನವೆಂಬರ್ 1994

ಓತಿಲಿಯ,

ಇದನ್ನ ನಾನೇ ಬರಿತಿದೀನಿ. ನಾಲ್ಕು ದಿನದಿಂದ ಬರಿತಿದೀನಿ. ಫಿದೆಲಿನ ತಿದ್ದಿಲ್ಲ. ನಾನು ಮಾತಾಡೋದು ಹಿಂಗೆ.

ಓದಕ್ಕೆ ಕಲ್ತಿದ್ದು ಶುಭಸಂದೇಶಕ್ಕಲ್ಲ. ಅದು ನಂಗೆ ಬಾಯಿಗೇ ಬರ್ತಿತ್ತು. ನಿನ್ನ ಪತ್ರಿಕೆ ಓದಕ್ಕೆ ಕಲ್ತೆ. ಕೊನೆ ನಾಲ್ಕು ಸಾಲಿಗೆ ಒಂದು ವಾರ ಹಿಡೀತು. ನೋಡ್ಕೊಂಡು ಬರಿತೀನಿ. ತಪ್ಪಿದ್ರೆ ತಿದ್ಕೊ.

“ಭಾನುವಾರ ಅಮ್ಮ ಪುಸ್ತಕ ಹಿಡಿದು ನಿಂತಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಎಲ್ಲರೂ ನನ್ನ ಭಕ್ತಿಯನ್ನು ಮೆಚ್ಚುತ್ತಿದ್ದರು. ಅದು ಭಕ್ತಿಯಲ್ಲ, ನಾಚಿಕೆ. ಆ ನಾಚಿಕೆ ಇಲ್ಲದ ಜಾಗ ಹುಡುಕಿಕೊಂಡು ಹೊರಟವಳಿಗೆ ದೇವರು ಈ ಮಠದ ಬಾಗಿಲು ತೋರಿಸಿದನು.”

ಚೆನ್ನಾಗಿ ಬರ್ದಿದೀಯ.

ಪೀಠದಿಂದ ನಾನು ನಿನ್ನನ್ನೇ ನೋಡ್ತಿದ್ದೆ. ನೀನು ಮುಂದಿನ ಬೆಂಚಲ್ಲಿ ಕಣ್ಣು ಮುಚ್ಚಿ ಕೂತಿರ್ತಿದ್ದೆ. ನನ್ನ ಮಗಳು ನಂಗೋಸ್ಕರ ಬೇಡ್ಕೊಳ್ತಿದಾಳೆ ಅಂದ್ಕೊಳ್ತಿದ್ದೆ. ಮಾತು ಮರ್ತೋದ್ರೆ ನಿನ್ನ ಮುಖ ನೋಡ್ತಿದ್ದೆ, ನೆನಪಾಗ್ತಿತ್ತು. ಅಷ್ಟು ವರ್ಷ ಹಂಗೇ ಹೇಳಿದೆ.

ಫಿದೆಲಿನ ಮೇಲೆ ಸಿಟ್ಟಿಲ್ಲ. ಊರಿನವರು ನಂಗೆ ಮಾಡಿದ್ದನ್ನೇ ಅವಳೂ ಮಾಡಿದ್ಲು. ನಿನ್ನ ಮೇಲೆ ಸಿಟ್ಟಿದೆ. ಬರೆದಿದ್ದಕ್ಕೆ ಸ್ವಲ್ಪ. ಏನೂ ಇಲ್ಲ ಅಂತ ಸುಳ್ಳು ಹೇಳಿದ್ದಕ್ಕೆ ಜಾಸ್ತಿ. ಇವಳಿಗೆ ಓದಕ್ಕೆ ಬರಲ್ಲ ಅನ್ನೋ ಧೈರ್ಯದ ಮೇಲೆ ಹೇಳ್ದೆ.

ಕುರುಡನಿಗೆ ಕಣ್ಣು ಬಂದ ವಾಚನದ ಭಾನುವಾರ ಫಾದರ್ ಬಂದು ನಿಮ್ಮ ಜಾಗ ನಿಮಗೇ ಅಂತ ಕೈ ಹಿಡ್ದು ಹತ್ತಿಸಿದ್ರು. ಎಲ್ರೂ ಚಪ್ಪಾಳೆ ತಟ್ಟಿದ್ರು. ಪುಸ್ತಕ ತೆಗ್ದೆ. ಓದಕ್ಕೆ ಬಂತು. ಎರಡು ಸಾಲು ಓದಿ ತಲೆ ಎತ್ತಿದೆ. ಜನ ಕಣ್ಣು ಮುಚ್ಕೊಂಡು ಕೇಳ್ತಿದ್ರು. ಮೊದಲಿಂದಾನೂ ಹಂಗೇ ಕೇಳೋರು. ಯಾರು ಭಕ್ತಿಗೆ ಮುಚ್ಚಿದಾರೆ ಯಾರು ನಾಚಿಕೆಗೆ ಮುಚ್ಚಿದಾರೆ ನಂಗೆ ಗೊತ್ತಾಗ್ಲಿಲ್ಲ. ಒಬ್ಬೊಬ್ಬರ ಮುಖಾನೇ ನೋಡ್ತಾ ನಿಂತೆ. ಮೂರನೇ ಸಾಲು ಬಾಯಿಗೆ ಬರ್ಲಿಲ್ಲ. ಇಳಿದ್ಬಿಟ್ಟೆ. ಮಿಕ್ಕಿದ್ದು ಮೇಷ್ಟ್ರು ಓದಿದ್ರು. ಇನ್ನು ಹತ್ತಲ್ಲ ಅಂತ ಫಾದರ್‌ಗೆ ಹೇಳಿದೀನಿ. ಗುಡಿಸ್ತೀನಿ. ಗುಡಿಸೋವಾಗ ಜನದ ಮುಖ ನೋಡ್ಬೇಕಾಗಿಲ್ಲ.

ಎಂಟನೇ ತಾರೀಕು ನಾನು ಬರಲ್ಲ. ಮುಂದಿನ ಸಾಲಲ್ಲಿ ಬಂದು ಕೂತ್ರೆ ನೀನು ಮತ್ತೆ ಕಣ್ಣು ಮುಚ್ಬೇಕಾಗುತ್ತೆ. ನಾಚಿಕೆ ಇಲ್ಲದ ಜಾಗ ಹುಡುಕ್ಕೊಂಡಿದೀಯ. ಅಲ್ಲೇ ಇರು.

ಈ ಕಾಗದಾನ ಪತ್ರಿಕೆಗೆ ಕೊಡ್ಬೇಡ.

ಎರ್ಮೆಲಿಂದ ಲೆಮುಸ್